ಹತ್ತಿರದ ರೈತರಿಂದ ನೇರ ಖರೀದಿ: ಗುಂಪು ಹತ್ತನೇ ವಾರ ದಾಟಬೇಕಾದರೆ ಏನು ಮಾಡಬೇಕು?

ಖಾಲಿಬುಟ್ಟಿ:

40 ಮನೆಗಳು ಸೇರಿ, 25 ಕಿಲೋಮೀಟರ್ ಒಳಗಿನ 3 ಬೆಳೆಗಾರರಿಂದ ಪ್ರತಿ ಶನಿವಾರ ತರಕಾರಿ ತರಿಸುವ ಯೋಜನೆ ಇದೆ. ಇಂಥ ಗುಂಪುಗಳ ಗತಿ ಸಾಮಾನ್ಯವಾಗಿ ಒಂದೇ ತರಹ. ಮೊದಲ ವಾರ ಎಲ್ಲರ ಆರ್ಡರ್ ಬರುತ್ತದೆ, ಐದನೇ ವಾರಕ್ಕೆ ಅರ್ಧ ಆಗುತ್ತದೆ, ಹತ್ತನೇ ವಾರ ಬೆಳೆಗಾರರಿಗೆ ಗಾಡಿ ಬಾಡಿಗೆಯೂ ಹುಟ್ಟುವುದಿಲ್ಲ. "ರೈತರನ್ನು ಉಳಿಸಿ" ಎಂಬ ಪೋಸ್ಟ್‌ಗೆ ಲೈಕ್ ಒತ್ತುವವರಿಗೇನೂ ಕೊರತೆಯಿಲ್ಲ. ಚೀಲ ಹಿಡಿದು ಬರುವವರು ಬೇಕು.

ಅನುಭವ ಇರುವವರು ಅಂಕಿಸಂಖ್ಯೆ ಸಮೇತ ಹೇಳಿ. ಒಂದು ಮನೆಗೆ ವಾರಕ್ಕೆ ಎಷ್ಟು ಕೆ.ಜಿ. ಹಿಡಿಯಬೇಕು? ಬೆಳೆಗಾರರಿಗೆ ಎಷ್ಟು ಮುಂಚೆ ತಿಳಿಸಬೇಕು? ಅವರು ಕೊಟ್ಟಿದ್ದನ್ನು ಒಯ್ಯುವ ಬುಟ್ಟಿ ಪದ್ಧತಿ ಒಳ್ಳೆಯದೋ, ಬೇಕಾದ್ದನ್ನು ಆರಿಸುವುದು ಒಳ್ಳೆಯದೋ? ದರ ಹೇಗೆ ಕಟ್ಟುವುದು? ಹಂಚುವ ಹೊತ್ತಿಗೆ ಸೊಪ್ಪು ಬಾಡಿರುತ್ತದೆ ಎಂಬ ದೂರು ಎಲ್ಲ ಗುಂಪಿನಲ್ಲೂ ಇರುತ್ತದೆ, ತಪ್ಪು ಎಲ್ಲಿ ಆಗುತ್ತದೆ? ಕೊನೆಯದಾಗಿ, ಜನರನ್ನು ಒಪ್ಪಿಸಲು ಯಾವ ಮಾತು ಹೇಳಬಹುದು, ಯಾವುದನ್ನು ಹೇಳಬಾರದು?

ತಕ್ಕಡಿ:

ಮೊದಲು ತೂಕದ ಪ್ರಶ್ನೆ, ಏಕೆಂದರೆ ಹೆಚ್ಚಿನ ಗುಂಪುಗಳು ಎಡವುವುದು ಅಲ್ಲೇ. ಒಬ್ಬರಿಗೆ ದಿನಕ್ಕೆ ಕನಿಷ್ಠ 400 ಗ್ರಾಂ ಹಣ್ಣು ತರಕಾರಿ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ನಾಲ್ವರ ಮನೆಗೆ ವಾರಕ್ಕೆ 11 ಕೆ.ಜಿ. ಚಿಲ್ಲರೆ ಆಯಿತು. ಈ ಲೆಕ್ಕ ನೋಡಿ 8 ಕೆ.ಜಿ. ಬುಟ್ಟಿ ಮಾಡಿದರೆ ಗುಂಪು ಮುಳುಗುತ್ತದೆ. ಹಣ್ಣು, ಈರುಳ್ಳಿ ಜನ ಬೇರೆಡೆಯೂ ಕೊಳ್ಳುತ್ತಾರೆ, ಎರಡು ದಿನ ಹೊರಗೆ ಊಟ ಮಾಡುತ್ತಾರೆ. ಗುರುವಾರ ಫ್ರಿಜ್ ತೆಗೆದಾಗ ಹೋದ ಶನಿವಾರದ ಕೋಸು ಕಣ್ಣಿಗೆ ಬಿದ್ದರೆ ಮುಂದಿನ ಆರ್ಡರ್ ಹಾಕಲು ಕೈ ಬರುವುದಿಲ್ಲ. ಬಿಟ್ಟುಹೋಗುವವರಲ್ಲಿ ಬಹಳ ಮಂದಿ ದರಕ್ಕೆ ಹೆದರಿ ಹೋಗುವುದಿಲ್ಲ, ಉಳಿಕೆಗೆ ಹೆದರಿ ಹೋಗುತ್ತಾರೆ. ನಾಲ್ವರ ಮನೆಗೆ 4 ಕೆ.ಜಿ., ಇಬ್ಬರ ಮನೆಗೆ 2 ಕೆ.ಜಿ.ಯಿಂದ ಶುರು ಮಾಡಿ. "ಇನ್ನೂ ಸ್ವಲ್ಪ ಇದ್ದಿದ್ದರೆ" ಅನ್ನಿಸುವಷ್ಟಿದ್ದರೆ ಸಾಕು.

40 ಮನೆಗೆ 4 ಕೆ.ಜಿ. ಎಂದರೆ ವಾರಕ್ಕೆ 160 ಕೆ.ಜಿ. ಈ ಸಂಖ್ಯೆಯನ್ನು ಬೆಳೆಗಾರರಿಗೆ ಹೇಳಬೇಕಾದದ್ದು ಬಿತ್ತುವ ಮೊದಲು, ಕೊಯ್ಯುವ ಮೊದಲಲ್ಲ. ಮೂಲಂಗಿಗೆ ಬಿತ್ತನೆಯಿಂದ 40–50 ದಿನ, ಪಾಲಕ್‌ಗೆ 35–45, ಬೀನ್ಸ್‌ಗೆ 50–60, ಕೋಸಿಗೆ ನಾಟಿಯಿಂದ 70–90, ಟೊಮೆಟೊಗೆ ನಾಟಿಯಿಂದ 60–75 ದಿನ ಹಿಡಿಯಿರಿ. ತಳಿ, ಬಿಸಿಲು, ಚಳಿ ನೋಡಿ ಹಿಂದೆಮುಂದೆ ಆಗುತ್ತದೆ. ಅಂದರೆ ಈವತ್ತು ಕೂತು ಮಾತಾಡಿದರೆ ಸಸಿ ಸಿದ್ಧವಿದ್ದರೂ ಪೂರ್ತಿ ಬುಟ್ಟಿ ತುಂಬಲು ಎರಡೂವರೆಯಿಂದ ಮೂರು ತಿಂಗಳು. ಅದಕ್ಕೆ ಮೊದಲು ಶುರು ಮಾಡಿದರೆ ಹೊಲದಲ್ಲಿ ಆಕಸ್ಮಿಕವಾಗಿ ಇದ್ದದ್ದೇ ನಿಮ್ಮ ಪಾಲಿಗೆ ಬರುತ್ತದೆ: ನಾಲ್ಕು ವಾರ ಬರೀ ಕೋಸು.

ಟೊಮೆಟೊವನ್ನೇ ಉದಾಹರಣೆಗೆ ತೆಗೆದುಕೊಳ್ಳಿ. ಮನೆಗೆ 1 ಕೆ.ಜಿ.ಯಂತೆ ವಾರಕ್ಕೆ 40 ಕೆ.ಜಿ. ಬೇಕು. ಕೈಬಿಗಿ ಹಿಡಿದು ಲೆಕ್ಕ ಹಾಕಿದರೆ ಚದರ ಮೀಟರಿಗೆ 2 ಕೆ.ಜಿ. ಇಳುವರಿ ಎನ್ನಿ. ಎಲ್ಲವನ್ನೂ ಒಂದೇ ಸಲ ನಾಟಿ ಮಾಡಿದರೆ ಮೊದಲ ಎರಡು ವಾರ ನಾಲ್ಕಾರು ಕೆ.ಜಿ., ನಡುವಿನ ಮೂರು ವಾರ ಹೊರಲಾರದಷ್ಟು, ಆಮೇಲೆ ಏನೂ ಇಲ್ಲ. ಅದರ ಬದಲು ಮೂರು ವಾರಕ್ಕೊಂದು ನಾಟಿ. ಪ್ರತಿ ನಾಟಿ ಮೂರು ವಾರದ ಬೇಡಿಕೆ, ಅಂದರೆ 120 ಕೆ.ಜಿ. ಕೊಡಬೇಕು, ಅದಕ್ಕೆ 60 ಚದರ ಮೀಟರ್. ರೋಗ, ಹುಳ, ಮಳೆಗೆ ಕಾಲು ಭಾಗ ಸೇರಿಸಿ 75. ಸೊಪ್ಪುಗಳನ್ನು 10–14 ದಿನಕ್ಕೊಂದು ಪಾತಿಯಂತೆ ಬಿತ್ತಬೇಕು. ಮೂವರು ಬೆಳೆಗಾರರೂ ಎಲ್ಲವನ್ನೂ ಬೆಳೆಯುವುದು ಬೇಡ, ಅದು ಮೂವರಿಗೂ ಕಷ್ಟ. ಒಬ್ಬರಿಗೆ ಸೊಪ್ಪು ಮತ್ತು ಮೂಲಂಗಿ, ಇನ್ನೊಬ್ಬರಿಗೆ ಬಳ್ಳಿ ತರಕಾರಿ ಮತ್ತು ಬೀನ್ಸ್, ಮತ್ತೊಬ್ಬರಿಗೆ ಟೊಮೆಟೊ ಮತ್ತು ಕೋಸು. ಮುಖ್ಯವಾದ ಒಂದೆರಡು ಬೆಳೆ ಮಾತ್ರ ಇಬ್ಬರ ಬಳಿ ಇರಲಿ, ಒಬ್ಬರ ಹೊಲಕ್ಕೆ ರೋಗ ಬಿದ್ದರೆ ಇನ್ನೊಬ್ಬರದು ಕೈಹಿಡಿಯುತ್ತದೆ.

ವಾರದ ಓಟ ಹೀಗಿರಲಿ. ಮಂಗಳವಾರ ರಾತ್ರಿ ಬೆಳೆಗಾರರು ಏನು, ಎಷ್ಟು ಕೆ.ಜಿ. ಎಂದು ಕಳಿಸಬೇಕು. "ಬೀನ್ಸ್ ಇದೆ" ಸಾಲದು, "ಬೀನ್ಸ್ 18 ಕೆ.ಜಿ." ಎಂದಿರಬೇಕು. ಹೊಲ ನೋಡಿ ಮಾಡಿದ ಅಂದಾಜು ಬಹುತೇಕ ಹೆಚ್ಚಾಗಿಯೇ ಇರುತ್ತದೆ, ಆದ್ದರಿಂದ ಹೇಳಿದ್ದರಲ್ಲಿ ನೂರಕ್ಕೆ 80 ಪಾಲು ಮಾತ್ರ ಆರ್ಡರಿಗೆ ತೆರೆಯಿರಿ. ಗುರುವಾರ ಮಧ್ಯಾಹ್ನ 12ಕ್ಕೆ ಆರ್ಡರ್ ಬಂದ್. ಸಂಜೆಯೊಳಗೆ ಒಟ್ಟು ಪಟ್ಟಿ ಬೆಳೆಗಾರರಿಗೆ ಹೋಗಬೇಕು. ಶುಕ್ರವಾರ ಕಾಯಿಗಳ ಕೊಯ್ಲು, ಶನಿವಾರ ನಸುಕಿಗೆ ಸೊಪ್ಪು. ಗಡುವು ಮುಗಿದ ಮೇಲೆ "ನನ್ನದೊಂದು ಸೇರಿಸಿಬಿಡಿ" ಎಂಬ ಮೆಸೇಜಿಗೆ ಮೊದಲ ವಾರವೇ ಇಲ್ಲ ಅನ್ನಿ. ಎರಡನೇ ವಾರ ಹೂಂ ಅಂದರೆ ಮೂರನೇ ವಾರದಿಂದ ಗಡುವು ಇದ್ದೂ ಇಲ್ಲದಂತೆ.

ಬುಟ್ಟಿಯೋ ಆಯ್ಕೆಯೋ ಎಂದರೆ ನಾನು ಬುಟ್ಟಿಯ ಕಡೆ. ಆರಿಸಲು ಬಿಟ್ಟರೆ 40 ಮನೆಯೂ ಟೊಮೆಟೊ, ಬೀನ್ಸ್ ಒಯ್ಯುತ್ತವೆ. ಮೂಲಂಗಿ ಬಿತ್ತಿದವರು ವಾಪಸ್ ಹೊತ್ತುಕೊಂಡು ಹೋಗುತ್ತಾರೆ.

ತಂಪುನೆರಳು:

ಸೊಪ್ಪು ಬಾಡೋದರ ಬಗ್ಗೆ ಮಾತ್ರ ಹೇಳ್ತೀನಿ, ಅದೊಂದೇ ಸಾಕಷ್ಟು ದೊಡ್ಡದಿದೆ.

ಕಿತ್ತ ಮೇಲೂ ಸೊಪ್ಪು ಉಸಿರಾಡ್ತಾನೇ ಇರುತ್ತೆ. ತಾಪಮಾನ 10 ಡಿಗ್ರಿ ಏರಿದರೆ ಆ ಉಸಿರಾಟ ಎರಡರಿಂದ ಮೂರು ಪಟ್ಟಾಗುತ್ತೆ, ಅಷ್ಟೇ ವೇಗವಾಗಿ ಅದರ ಆಯಸ್ಸೂ ಇಳಿಯುತ್ತೆ. ಮಧ್ಯಾಹ್ನದ ಬಿಸಿಲಲ್ಲಿ ಕಿತ್ತ ಸೊಪ್ಪು ಹೊಲದ ಕಾವನ್ನ ಒಳಗೇ ಹೊತ್ತು ಬರುತ್ತೆ. ಅದನ್ನ ಒತ್ತಿ ಚೀಲಕ್ಕೆ ತುಂಬಿದರೆ ನಡುವಿನ ಕಟ್ಟುಗಳು ಮುಟ್ಟಿದರೆ ಬಿಸಿ ಬಿಸಿ. ಆ ಮೇಲೆ ನೀರು ಚಿಮುಕಿಸಿದರೆ ಹೊರಗಿನದು ಹಸಿರಾಗಿ ಕಾಣುತ್ತೆ, ಒಳಗಿನದು ಬೆಂದುಹೋಗಿರುತ್ತೆ. ತಪ್ಪು ಶನಿವಾರ ಹಂಚುವಾಗ ಆಗಿದ್ದಲ್ಲ, ಕಿತ್ತ ಮೊದಲ ಒಂದು ಗಂಟೆಯಲ್ಲೇ ಆಗಿರುತ್ತೆ.

ಮಾಡಬೇಕಾದ್ದು: ಬಿಸಿಲೇರುವ ಮೊದಲು ಕೊಯ್ಯಿ, ಕೊಯ್ದದ್ದನ್ನ ಕೂಡಲೇ ನೆರಳಿಗೆ ತನ್ನಿ. ಕುಡಿಯೋಕೆ ಯೋಗ್ಯವಾದ ತಣ್ಣೀರಲ್ಲಿ 5–10 ನಿಮಿಷ ಅದ್ದಿ, ಬುಡ ಕೆಳಗೆ ಮಾಡಿ ನೀರು ಪೂರ್ತಿ ಸೋರಲು ಬಿಡಿ. ಅದೇ ನೀರನ್ನ ಬೆಳಗಿನಿಂದ ಕೊನೆತನಕ ಬಳಸಬೇಡಿ, ಒಂದು ಕೊಳೆತ ಕಟ್ಟಿನ ರೋಗಾಣು ಎಲ್ಲಾ ಕಟ್ಟಿಗೂ ಹಂಚಿಹೋಗುತ್ತೆ. ನೀರು ಮಣ್ಣಿನ ಬಣ್ಣಕ್ಕೆ ತಿರುಗಿದ ಕೂಡಲೇ ಚೆಲ್ಲಿ. ಕ್ರೇಟಿನಲ್ಲಿ ಸಡಿಲವಾಗಿ ನಿಲ್ಲಿಸಿ, ಮೇಲೆ ಒದ್ದೆ ಗೋಣಿ ಅಥವಾ ಬಟ್ಟೆ. ತೂತಿಲ್ಲದ ಪ್ಲಾಸ್ಟಿಕ್ ಹೊದಿಸಬೇಡಿ, ಬೆವರು ಕಟ್ಟಿ ಕೊಳೆಯುತ್ತೆ. ಚಲಿಸುವ ಗಾಡಿಯ ಗಾಳಿಗೆ ಸೊಪ್ಪು ತೆರೆದಿಟ್ಟರೆ ಒಂದು ಗಂಟೆಯ ಪ್ರಯಾಣದಲ್ಲೇ ಜೋತುಬೀಳುತ್ತೆ. ತೂಕದಲ್ಲಿ ನೂರಕ್ಕೆ 3ರಿಂದ 5ರಷ್ಟು ನೀರು ಹೋದರೂ ಸಾಕು, ಸೊಪ್ಪು ಬಾಡಿದಂತೆ ಕಾಣುತ್ತೆ. ನೆನಪಿಡಿ, ಅಷ್ಟು ತೂಕವೂ ಹೋಗಿರುತ್ತೆ. ಹೊಲದಲ್ಲಿ ತೂಗಿದ 10 ಕೆ.ಜಿ. ಇಲ್ಲಿ ಒಂಬತ್ತೂವರೆ ಬಂದರೆ ಯಾರೂ ಮೋಸ ಮಾಡಿಲ್ಲ.

ಬರೀ ನೀರು ಕಡಿಮೆಯಾಗಿ ಬಾಡಿದ್ದರೆ ಬುಡ ಅರ್ಧ ಸೆಂಟಿಮೀಟರ್ ಕತ್ತರಿಸಿ ತಣ್ಣೀರಲ್ಲಿ 20–30 ನಿಮಿಷ ನಿಲ್ಲಿಸಿ, ಎದ್ದು ಕೂರುತ್ತೆ. ಹಳದಿಯಾಗಿದ್ದರೆ ಮುಗೀತು.

ಟೊಮೆಟೊ ಗೋಣಿಚೀಲದಲ್ಲಿ ಬರಬಾರದು. ಗಾಳಿಯಾಡುವ 60×40 ಸೆಂ.ಮೀ. ಕ್ರೇಟು, 25 ಸೆಂ.ಮೀ.ಗಿಂತ ಎತ್ತರ ತುಂಬಬೇಡಿ, ಮೇಲೆ 2–3 ಸೆಂ.ಮೀ. ಖಾಲಿ ಬಿಡಿ. ಮೇಲಿನ ಕ್ರೇಟು ಕೆಳಗಿನ ಕ್ರೇಟಿನ ಅಂಚಿನ ಮೇಲೆ ಕೂರಬೇಕು, ಹಣ್ಣಿನ ಮೇಲಲ್ಲ. ಗಾಡಿಗೆ ಹೇರುವಾಗ ಕೋಸು, ಕುಂಬಳ ಕೆಳಗೆ, ಸೊಪ್ಪು ಎಲ್ಲಕ್ಕಿಂತ ಕೊನೆಗೆ. ಹಂಚುವ ಜಾಗ ನೆರಳಿರಲಿ, ಎರಡು ಗಂಟೆಯೊಳಗೆ ಮುಗಿಸಿ. ತೂಗೋ ಕೆಲಸ ಗಟ್ಟಿ ತರಕಾರಿಯಿಂದ ಶುರುಮಾಡಿ, ಸೊಪ್ಪಿನ ಮೇಲಿನ ಬಟ್ಟೆ ಕೊನೆಗೆ ತೆಗೀರಿ.

ಮನೆಗೆ ಹೋದ ಮೇಲಿನ ತಪ್ಪುಗಳಿಗೂ ಬೈಗುಳ ಬೆಳೆಗಾರರಿಗೇ ಬರುತ್ತೆ, ಹಾಗಾಗಿ ಇದನ್ನೂ ಗುಂಪಿಗೆ ಹೇಳಿ. ಟೊಮೆಟೊಗೆ 12–13 ಡಿಗ್ರಿಗಿಂತ ಕೆಳಗಿನ ಚಳಿ ಆಗಲ್ಲ. ಪೂರ್ತಿ ಹಣ್ಣಾಗದ್ದನ್ನ 4 ಡಿಗ್ರಿ ಫ್ರಿಜ್ಜಿಗೆ ಹಾಕಿದರೆ ಆಮೇಲೆ ಸರಿಯಾಗಿ ಮಾಗೋದೂ ಇಲ್ಲ, ರುಚಿಯೂ ಇರಲ್ಲ. ಹೊರಗಿಡಿ, ತೊಟ್ಟಿನ ಕಡೆ ಕೆಳಗೆ ಮಾಡಿ, ತೇವ ಹೆಚ್ಚು ಹೋಗೋದು ಆ ಗಾಯದಿಂದಲೇ. ಸೌತೆಕಾಯಿಗೂ ಹೆಚ್ಚು ತಂಪು ಒಗ್ಗಲ್ಲ, ಮೂರ್ನಾಲ್ಕು ದಿನದಲ್ಲಿ ಮೈಮೇಲೆ ಗುಳಿ ಬೀಳುತ್ತೆ. ಕ್ಯಾರೆಟ್, ಮೂಲಂಗಿ ಸೊಪ್ಪಿನ ಸಮೇತ ಇಟ್ಟರೆ ಸೊಪ್ಪು ಗೆಡ್ಡೆಯ ನೀರನ್ನೇ ಎಳೆದುಕೊಳ್ಳುತ್ತೆ, ಬಂದ ಕೂಡಲೇ ಬೇರ್ಪಡಿಸಿ. ಆಲೂಗಡ್ಡೆ ಕತ್ತಲಲ್ಲಿ ಇರಲಿ, ಬೆಳಕಿಗೆ ಹಸಿರಾದ ಭಾಗದಲ್ಲಿ ಸೊಲನೈನ್ ಎಂಬ ವಿಷ ಹೆಚ್ಚಿರುತ್ತೆ. ಬಾಳೆಹಣ್ಣು, ಸೇಬು, ಟೊಮೆಟೊ ಮಾಗುವಾಗ ಎಥಿಲೀನ್ ಅನಿಲ ಬಿಡುತ್ತವೆ. ಪಕ್ಕದಲ್ಲಿ ಸೊಪ್ಪು, ಸೌತೆ ಇದ್ದರೆ ಹಳದಿಯಾಗುತ್ತೆ, ಕ್ಯಾರೆಟ್ ಕಹಿಯಾಗುತ್ತೆ.

ಲೆಕ್ಕದಪುಸ್ತಕ:

ದರದ ವಿಚಾರ. ಸಗಟು ಮಾರುಕಟ್ಟೆಯ ದಿನದ ದರವನ್ನು ಹಿಂಬಾಲಿಸಬೇಡಿ. ಹಾಗೆ ಮಾಡಿದರೆ ನಿಮ್ಮ ಗುಂಪು ಇನ್ನೊಂದು ಅಂಗಡಿ, ಅಷ್ಟೇ.

ಬೆಳೆಗಾರರ ಜೊತೆ ಕೂತು ಖರ್ಚು ಬರೆಯಿರಿ: ಬೀಜ ಅಥವಾ ಸಸಿ, ಗೊಬ್ಬರ, ನೀರು, ಆಳುಕಾಳು, ಮನೆಯವರ ದುಡಿಮೆಯ ಕೂಲಿ, ಕೊಯ್ಲು, ಕ್ರೇಟು, ಸಾಗಣೆ. ಮನೆಯವರ ಕೂಲಿಯನ್ನು ಬಿಡುವುದು ಎಲ್ಲರೂ ಮಾಡುವ ತಪ್ಪು, ಬೆಳೆಗಾರರೇ ಮೊದಲು ಬಿಡುತ್ತಾರೆ. ಒಟ್ಟು ಖರ್ಚನ್ನು ಬೆಳೆದ ಕೆ.ಜಿ.ಯಿಂದ ಭಾಗಿಸಬಾರದು, ಮಾರಿದ ಕೆ.ಜಿ.ಯಿಂದ ಭಾಗಿಸಬೇಕು. 100 ಕೆ.ಜಿ. ಬೆಳೆದು 80 ಮಾರಿದರೆ ಪ್ರತಿ ಕೆ.ಜಿ. ಖರ್ಚು ಒಂದೂಕಾಲು ಪಟ್ಟು. 20 ಪಾಲು ನಷ್ಟ ಎಂದು 20 ಪಾಲು ದರ ಏರಿಸಿದರೆ ಇನ್ನೂ ಕಡಿಮೆಯೇ ಬೀಳುತ್ತದೆ, 25 ಏರಿಸಬೇಕು. 70 ಮಾತ್ರ ಮಾರಿದರೆ 1.43 ಪಟ್ಟು. 90 ಮಾರಿದರೆ 1.11.

ನಿಮ್ಮ ಪ್ರಶ್ನೆಗೆಲ್ಲ ಉತ್ತರ ಈ ಎರಡು ಅಂಕಿಗಳ ನಡುವೆ ಇದೆ. 1.43ರಿಂದ 1.11ಕ್ಕೆ ಬಂದರೆ ಪ್ರತಿ ಕೆ.ಜಿ. ಖರ್ಚು ನೂರಕ್ಕೆ 22ರಷ್ಟು ಇಳಿಯುತ್ತದೆ. ಯಾರೂ ಚೌಕಾಸಿ ಮಾಡಲಿಲ್ಲ, ಯಾರ ಹೊಟ್ಟೆಗೂ ಹೊಡೆಯಲಿಲ್ಲ, ಹೇಳಿದಷ್ಟನ್ನು ಹೇಳಿದ ದಿನ ಕೊಂಡರು, ಅಷ್ಟೇ. "ನೇರ ಕೊಂಡರೆ ಅಗ್ಗ ಆಗಬೇಕಲ್ಲವೇ" ಎನ್ನುವವರಿಗೆ ಈ ಲೆಕ್ಕ ತೋರಿಸಿ. ದಲ್ಲಾಳಿ ತಪ್ಪಿದರೂ ದಲ್ಲಾಳಿಯ ಕೆಲಸ ತಪ್ಪುವುದಿಲ್ಲ. ವಿಂಗಡಣೆ, ತೂಕ, ಸಾಗಣೆ, ಉಳಿಕೆಯ ನಷ್ಟ, ಸಾಲದ ವಸೂಲಿ, ಇಷ್ಟನ್ನೂ ಯಾರಾದರೂ ಮಾಡಲೇಬೇಕು. ಆ ಕೆಲಸವನ್ನು ಗುಂಪು ಹೊತ್ತುಕೊಂಡರೆ ಮಾತ್ರ ಎರಡೂ ಕಡೆ ಉಳಿತಾಯ.

ದರವನ್ನು 8ರಿಂದ 12 ವಾರಕ್ಕೆ ಗಟ್ಟಿ ಮಾಡಿ. ಹೊರಗೆ ದರ ಏರಿದಾಗ ಬೆಳೆಗಾರರು ಮಾಲು ಬೇರೆಡೆ ಕಳಿಸಬಾರದು, ಇಳಿದಾಗ ನೀವು ಬೇರೆಡೆ ಹೋಗಬಾರದು. ಬರಹದಲ್ಲಿ ಒಂದು ಕಿಂಡಿ ಇಟ್ಟುಕೊಳ್ಳಿ: ಸತತ 3 ವಾರ ಹೊರಗಿನ ದರ ನೂರಕ್ಕೆ 30 ಪಾಲಿಗಿಂತ ಹೆಚ್ಚು ಆಚೀಚೆ ಆದರೆ ಮತ್ತೆ ಕೂತು ಮಾತು. ಅರ್ಧ ಹಣ ಋತುವಿನ ಆರಂಭದಲ್ಲಿ ಮುಂಗಡ, ಉಳಿದದ್ದು 4 ವಾರಕ್ಕೊಮ್ಮೆ. ಬೀಜ ಗೊಬ್ಬರಕ್ಕೆ ದುಡ್ಡು ಬೇಕಾಗುವುದು ಬಿತ್ತುವಾಗ, ಆಗ ಕೊಟ್ಟರೆ ಬಡ್ಡಿಯ ಸಾಲ ತಪ್ಪುತ್ತದೆ. ಇದೇನೂ ಹೊಸ ಐಡಿಯಾ ಅಲ್ಲ. ಜಪಾನಿನಲ್ಲಿ 1970ರ ದಶಕದಲ್ಲಿ ಬೆಳೆದ 'ತೇಯ್ಕೆಯ್' ಪದ್ಧತಿಯಲ್ಲಿ ಏನು ಬೆಳೆಯಬೇಕೆಂದು ಮೊದಲೇ ಕೂತು ನಿರ್ಧರಿಸಿ, ಬೆಳೆದದ್ದೆಲ್ಲವನ್ನೂ ಗ್ರಾಹಕರು ಸ್ವೀಕರಿಸುವ ತತ್ತ್ವ ಇತ್ತು. ಅಮೆರಿಕದಲ್ಲಿ 1986ರಲ್ಲಿ, ಫ್ರಾನ್ಸಿನಲ್ಲಿ 2001ರಲ್ಲಿ ಇಂಥವೇ ಶುರುವಾದವು.

ಸಾಗಣೆಯನ್ನು ಬೇರೆ ಸಾಲಿನಲ್ಲಿ ತೋರಿಸಿ. ಗಾಡಿಯ ಖರ್ಚು 160 ಕೆ.ಜಿ.ಗೂ 60 ಕೆ.ಜಿ.ಗೂ ಒಂದೇ. ಆದರೆ 60ಕ್ಕೆ ಇಳಿದಾಗ ಕೆ.ಜಿ.ಯ ಮೇಲೆ ಬೀಳುವ ಭಾರ 2.7 ಪಟ್ಟು. ಇಂತಿಷ್ಟು ಕೆ.ಜಿ.ಗಿಂತ ಕಡಿಮೆ ಆದರೆ ಆ ವಾರ ಗಾಡಿ ಇಲ್ಲ ಎಂಬ ಗೆರೆ ಮೊದಲೇ ಎಳೆಯಿರಿ.

ಇನ್ನು ಕೊಸರು. ತೂಗುವವರು ಧಾರಾಳಿಗಳಾದರೆ ಕೆ.ಜಿ.ಗೆ 30 ಗ್ರಾಂ ಹೆಚ್ಚು ಹೋಗುತ್ತದೆ, 160 ಕೆ.ಜಿ.ಯಲ್ಲಿ 4.8 ಕೆ.ಜಿ. ಕೊನೆಯ ಮನೆಗೆ ಬುಟ್ಟಿ ಖಾಲಿ. ಕೊಸರು ಬೇಡ ಅನ್ನುವುದಿಲ್ಲ, ಅದಿಲ್ಲದೆ ತಕ್ಕಡಿಗೆ ಕಳೆಯಿಲ್ಲ. ನೂರಕ್ಕೆ 3–5 ಪಾಲು ಹೆಚ್ಚು ತರಿಸಿ, ಅದಕ್ಕೂ ಬೆಳೆಗಾರರಿಗೆ ದುಡ್ಡು ಕೊಡಿ, ದರದಲ್ಲೇ ಸೇರಿಸಿ. ತಕ್ಕಡಿ 10 ಗ್ರಾಂ ಹಂತದ್ದಾದರೆ 200 ಗ್ರಾಂ ಸೊಪ್ಪಿನಲ್ಲಿ 10 ಗ್ರಾಂ ತಪ್ಪಿದರೆ ನೂರಕ್ಕೆ 5 ತಪ್ಪಿದಂತೆ, ಆದ್ದರಿಂದ ಸೊಪ್ಪು ಕಟ್ಟಿನ ಲೆಕ್ಕದಲ್ಲಿ ಹೋಗಲಿ. ತಕ್ಕಡಿ ಸರಿಯಿದೆಯೇ ನೋಡಲು ಖಾಲಿ ಬಾಟಲಿ ತೂಗಿ, ಅಳತೆಯ 1 ಲೀಟರ್ ನೀರು ತುಂಬಿ ಮತ್ತೆ ತೂಗಿ, ವ್ಯತ್ಯಾಸ 1 ಕೆ.ಜಿ. ಬರಬೇಕು.

ಖಾಲಿಬುಟ್ಟಿ:

ಮೂವರಿಗೂ ವಂದನೆ. 1.43 ಮತ್ತು 1.11 ಅಂಕಿಗಳನ್ನು ಹಾಗೇ ಗುಂಪಿಗೆ ಹಾಕುತ್ತೇನೆ. ಇನ್ನೆರಡು ಅನುಮಾನ. ಹೊಲದವರು ಎಂದುಕೊಂಡು ಸಗಟು ಮಾಲು ತಂದು ಮಾರುವವರನ್ನು ಹೇಗೆ ಗುರುತಿಸುವುದು? ಮತ್ತೆ, ಪರಿಸರಕ್ಕೆ ಒಳ್ಳೆಯದು, ವಿಷಮುಕ್ತ ಎಂದೆಲ್ಲ ಪ್ರಚಾರದಲ್ಲಿ ಬರೆಯಬಹುದೇ?

ಎರೆಹುಳು:

ಎರಡನೆಯದಕ್ಕೆ ಮೊದಲು ಉತ್ತರ: ಹಾಗೆ ಬರೆಯಬೇಡಿ.

"ದೂರದಿಂದ ಬರುವುದಿಲ್ಲ, ಹಾಗಾಗಿ ಪರಿಸರಕ್ಕೆ ಒಳ್ಳೆಯದು" ಎಂಬುದು ಕೇಳಲು ಚಂದ, ಲೆಕ್ಕಕ್ಕೆ ನಿಲ್ಲುವುದಿಲ್ಲ. ಅಮೆರಿಕದ ಆಹಾರದ ಬಗ್ಗೆ 2008ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ ಹಸಿರುಮನೆ ಅನಿಲಗಳಲ್ಲಿ ನೂರಕ್ಕೆ 83 ಪಾಲು ಉತ್ಪಾದನೆಯ ಹಂತದ್ದು, ಸಾಗಣೆ ಎಲ್ಲ ಸೇರಿ 11, ಅದರಲ್ಲೂ ಉತ್ಪಾದಕರಿಂದ ಅಂಗಡಿಗೆ ಬರುವ ಕೊನೆಯ ಸಾಗಣೆ ಬರೀ 4. ವಿಮಾನದಲ್ಲಿ ಬರುವ ಮಾಲಿನ ಮಾತು ಬೇರೆ. ತುಂಬಿದ ದೊಡ್ಡ ಲಾರಿ ಕೆ.ಜಿ.ಗೆ ಸುಡುವ ಇಂಧನ ಅರ್ಧ ಖಾಲಿ ಪುಟ್ಟ ಗಾಡಿಗಿಂತ ಕಡಿಮೆಯೇ ಇರಬಹುದು. ಮೂರು ಕೆ.ಜಿ. ಟೊಮೆಟೊಗೆ ಒಬ್ಬರೇ ಕಾರಿನಲ್ಲಿ ಹೊಲಕ್ಕೆ ಹೋಗಿ ಬಂದರಂತೂ ಪರಿಸರದ ಮಾತೇ ಎತ್ತಬಾರದು. ಚಳಿ ದೇಶದಲ್ಲಿ ಹಸಿರುಮನೆ ಕಾಯಿಸಿ ಬೆಳೆದ ಹತ್ತಿರದ ಟೊಮೆಟೊಗಿಂತ ಬಿಸಿಲಲ್ಲಿ ಬೆಳೆದು ದೂರದಿಂದ ಬಂದದ್ದು ವಾಸಿ ಎಂಬ ಲೆಕ್ಕವೂ ಇದೆ. ಇದನ್ನೆಲ್ಲ ಓದಿಕೊಂಡ ಒಬ್ಬರು ಗುಂಪಿನಲ್ಲಿ ಇದ್ದೇ ಇರುತ್ತಾರೆ. ಒಂದು ಮಾತು ಸುಳ್ಳಾದರೆ ಉಳಿದ ನಿಜವೂ ಸುಳ್ಳಾಗಿ ಕಾಣುತ್ತದೆ.

ಹೇಳಬಹುದಾದದ್ದು ರುಚಿ ಮತ್ತು ಹದ. ಅದನ್ನು ಅಂಕಿಯಲ್ಲೇ ಹೇಳಬಹುದು. ಸಿಹಿಜೋಳವನ್ನು ಕಿತ್ತು 30 ಡಿಗ್ರಿಯಲ್ಲಿ ಇಟ್ಟರೆ ಒಂದೇ ದಿನದಲ್ಲಿ ಅದರ ಸಕ್ಕರೆಯಲ್ಲಿ ನೂರಕ್ಕೆ 60ರವರೆಗೆ ಪಿಷ್ಟವಾಗಿಬಿಡಬಲ್ಲದು, 0 ಡಿಗ್ರಿಯಲ್ಲಿ ಬರೀ 6. ಬಟಾಣಿಯದೂ ಇದೇ ಕಥೆ. ದೂರ ಹೋಗಬೇಕಾದ ಟೊಮೆಟೊವನ್ನು ಬಣ್ಣ ತಿರುಗುವ ಹೊತ್ತಿಗೇ ಕೀಳಬೇಕು, ಗಿಡದಲ್ಲೇ ಕೆಂಪಾದದ್ದು ಆ ಪ್ರಯಾಣ ತಾಳುವುದಿಲ್ಲ. ತಳಿಯ ಆಯ್ಕೆಯೂ ಅಷ್ಟೇ: ದೂರದ ಮಾರುಕಟ್ಟೆಗೆ ದಪ್ಪ ಸಿಪ್ಪೆ ಬೇಕು, ಹತ್ತಿರದವರಿಗೆ ತೆಳು ಸಿಪ್ಪೆಯ ರಸಭರಿತ ತಳಿ ಬೆಳೆಯಬಹುದು. ಪ್ರಚಾರಕ್ಕೆ ಪೋಸ್ಟರ್ ಬೇಡ. ಮೊದಲ ಎರಡು ವಾರ ಇಂಥ ಮೂರ್ನಾಲ್ಕು ಬೆಳೆ ಮಾತ್ರ ಕೊಡಿ, ಬಾಯಿಗೆ ಹೋದ ಮೇಲೆ ವ್ಯತ್ಯಾಸವನ್ನು ವಿವರಿಸಬೇಕಾಗಿಲ್ಲ. ಈರುಳ್ಳಿ, ಒಣ ಧಾನ್ಯದಲ್ಲಿ ರುಚಿಯ ವ್ಯತ್ಯಾಸ ಹುಡುಕಬೇಡಿ. ಅವನ್ನು ಹತ್ತಿರದವರಿಂದ ಕೊಂಡರೆ ಲಾಭ ಬೆಳೆಗಾರರ ಜೇಬಿಗೆ, ನಾಲಗೆಗಲ್ಲ. ಹಾಗೆಂದೇ ಹೇಳಿ.

"ವಿಷಮುಕ್ತ" ಎಂಬ ಪದವನ್ನಂತೂ ಮುಟ್ಟಬೇಡಿ. ಹತ್ತಿರದ್ದು ಎಂದ ಮಾತ್ರಕ್ಕೆ ಔಷಧಿ ಹೊಡೆದಿಲ್ಲ ಎಂದಲ್ಲ. ಕೀಟನಾಶಕದ ಡಬ್ಬಿಯ ಮೇಲೆ ಸಿಂಪಡಣೆಯಿಂದ ಕೊಯ್ಲಿಗೆ ಎಷ್ಟು ದಿನ ಬಿಡಬೇಕು ಎಂದು ಬರೆದಿರುತ್ತದೆ. ಏನು ಹೊಡೆದರು, ಯಾವತ್ತು ಹೊಡೆದರು, ಯಾವತ್ತು ಕೊಯ್ದರು ಎಂಬ ಮೂರು ಕಾಲಂ ಇರುವ ಹಾಳೆಯನ್ನು ಬೆಳೆಗಾರರು ಇಡಲಿ, ಕೇಳಿದವರಿಗೆ ತೋರಿಸಲಿ. ವಾರಕ್ಕೆ ಎರಡು ಸಲ ಕೀಳುವ ಬೀನ್ಸ್, ಸೌತೆಯಂಥ ಬೆಳೆಗಳಲ್ಲೇ ಈ ಅಂತರ ತಪ್ಪುವುದು, ಕಣ್ಣಿಡಬೇಕಾದದ್ದು ಅಲ್ಲಿ. ಹಸಿಯಾಗಿ ತಿನ್ನುವ ಸೊಪ್ಪು, ಮೂಲಂಗಿ, ಕ್ಯಾರೆಟ್ ಬೆಳೆಗೆ ಹಸಿ ಸಗಣಿ ಹಾಕುತ್ತಾರೆಯೇ ಎಂದೂ ಕೇಳಿ. ಅಮೆರಿಕದ ಸಾವಯವ ನಿಯಮದಲ್ಲಿ ತಿನ್ನುವ ಭಾಗ ಮಣ್ಣಿಗೆ ತಾಗುವಂತಿದ್ದರೆ ಹಸಿ ಗೊಬ್ಬರ ಹಾಕಿದ 120 ದಿನ, ತಾಗದಿದ್ದರೆ 90 ದಿನ ಆದ ಮೇಲೆ ಕೊಯ್ಲು. ಅಳತೆಗೋಲಾಗಿ ಎಲ್ಲಿ ಬೇಕಾದರೂ ಇಟ್ಟುಕೊಳ್ಳಬಹುದು. ಚೆನ್ನಾಗಿ ಕಳಿತ ಕಾಂಪೋಸ್ಟ್ ಆದರೆ ಈ ತಲೆನೋವಿಲ್ಲ, ಆದರೆ ರಾಶಿ ಒಳಗೆ 55 ಡಿಗ್ರಿಗೆ ಕಾದಿರಬೇಕು, ಹಲವು ಸಲ ಮಗುಚಿರಬೇಕು. ಮೂಲೆಯಲ್ಲಿ ಸುರಿದು ಮರೆತದ್ದು ಕಾಂಪೋಸ್ಟ್ ಅಲ್ಲ.

ಇನ್ನು ಮಾರಾಟಗಾರರು ಬೆಳೆಗಾರರೇ ಎಂದು ತಿಳಿಯುವ ಬಗೆ. ವರ್ಷದ 52 ವಾರವೂ ಒಂದೇ ಪಟ್ಟಿ ಇದ್ದರೆ ಹೊಲದ್ದಲ್ಲ. ಎಲ್ಲ ಕಾಯಿಯೂ ಒಂದೇ ಗಾತ್ರದ್ದಾದರೆ ಯಾರೋ ವಿಂಗಡಿಸಿ ತೆಗೆದ ಮಾಲು, ಹೊಲದಿಂದ ಬಂದದ್ದು ದೊಡ್ಡದು ಚಿಕ್ಕದು ಬೆರೆತಿರುತ್ತದೆ. ಕೇಳಬೇಕಾದ ಪ್ರಶ್ನೆ "ನೀವೇ ಬೆಳೆದದ್ದಾ?" ಅಲ್ಲ, ಅದಕ್ಕೆ ಯಾರೂ ಇಲ್ಲ ಅನ್ನುವುದಿಲ್ಲ. "ಇದು ಇನ್ನೆಷ್ಟು ವಾರ ಬರುತ್ತದೆ, ಇದು ಮುಗಿದ ಮೇಲೆ ಆ ಪಾತಿಗೆ ಏನು ಹಾಕುತ್ತೀರಿ?" ಎಂದು ಕೇಳಿ. ಬೆಳೆದವರು ಯೋಚಿಸದೆ ಹೇಳುತ್ತಾರೆ, ಜೊತೆಗೆ ಹುಳದ ಮೇಲೊಂದು ದೂರು ಉಚಿತ. ಋತುವಿಗೊಮ್ಮೆ ಹೊಲಕ್ಕೆ ಹೋಗಿ, ಮುಂದಿನ ತಿಂಗಳ ಪಟ್ಟಿಯಲ್ಲಿರುವ ಬೆಳೆ ನೆಲದಲ್ಲಿ ಇದೆಯೇ ನೋಡಿ. ಪಕ್ಕದ ಹೊಲದಿಂದ ತಂದು ಕೊಡುವುದು ಅಪರಾಧವೇನಲ್ಲ, ಚೀಟಿಯಲ್ಲಿ ಹಾಗೆ ಬರೆದಿರಬೇಕು ಅಷ್ಟೇ.

ತಕ್ಕಡಿಯವರ ಬುಟ್ಟಿ ಪದ್ಧತಿಗೆ ನನ್ನ ಒಪ್ಪಿಗೆ ಅರ್ಧ ಮಾತ್ರ. ಪೂರ್ತಿ ಬುಟ್ಟಿಯಲ್ಲಿ ಬೇಡವಾದದ್ದು ಕಸಕ್ಕೆ ಹೋಗುತ್ತದೆ. ಬೆಳೆಗಾರರಿಗೆ ದುಡ್ಡು ಬಂತು ನಿಜ, ಆ ಮನೆ ಮುಂದಿನ ಋತುವಿಗೆ ಬರುವುದಿಲ್ಲ.

ತಕ್ಕಡಿ:

ಎರೆಹುಳು ಅವರ ಮಾತು ಸರಿ, ಒಪ್ಪಿದೆ. ನಡುದಾರಿ ಹೀಗೆ ಮಾಡಬಹುದು: 4 ಕೆ.ಜಿ.ಯಲ್ಲಿ 3 ಕೆ.ಜಿ. ಬೆಳೆಗಾರರ ಆಯ್ಕೆ, 1 ಕೆ.ಜಿ. ಮನೆಯವರ ಆಯ್ಕೆ. ಹಂಚುವ ಮೇಜಿನ ಕೊನೆಗೆ ಒಂದು ಖಾಲಿ ಕ್ರೇಟು ಇಡಿ. ಬೇಡವಾದದ್ದು ಒಂದನ್ನು ಅಲ್ಲಿ ಹಾಕಿ ಅಲ್ಲಿರುವ ಇನ್ನೊಂದನ್ನು ತೆಗೆದುಕೊಳ್ಳಬಹುದು. ಮೊದಲ ಮನೆಗೆ ಅದು ಖಾಲಿ ಇರುತ್ತದೆ, ಆದ್ದರಿಂದ ನೀವೇ ನಾಲ್ಕೈದು ಬಗೆ ಹಾಕಿ ಶುರು ಮಾಡಿ.

ಲೆಕ್ಕದಪುಸ್ತಕ:

ಯಾರೂ ಹೇಳದ ಒಂದು ವಿಷಯ. ಗುಂಪು ನಿಲ್ಲುವುದು ಎಷ್ಟೋ ಸಲ ಗ್ರಾಹಕರಿಂದಲ್ಲ, ಪುಕ್ಕಟೆ ದುಡಿಯುವ ಒಬ್ಬರು ಸುಸ್ತಾಗುವುದರಿಂದ. 40 ಮನೆಯ ಆರ್ಡರ್, ಹಂಚಿಕೆ, ಹಣ ವಸೂಲಿ ಒಂದೇ ತಲೆಯ ಮೇಲೆ ಬಿದ್ದರೆ ಮೂರು ತಿಂಗಳು ಹೆಚ್ಚು. ಶನಿವಾರಕ್ಕೆ 4 ಮನೆಯಂತೆ ಸರದಿ ಹಾಕಿ, ಪ್ರತಿ ಮನೆಗೆ 10 ವಾರಕ್ಕೊಮ್ಮೆ ಬರುತ್ತದೆ. ಹಣದ ಲೆಕ್ಕ ಇಡುವವರು ಮಾತ್ರ ಬದಲಾಗದಿರಲಿ, ಅವರಿಗೆ ಸಣ್ಣ ಸಂಭಾವನೆ ಕೊಡಿ, ದರದಲ್ಲೇ ತೋರಿಸಿ.

ರಜೆಗೆ ಹೋಗುವವರು ಒಂದು ವಾರ ಮುಂಚೆ ಹೇಳಲಿ, ತಮ್ಮ ಬುಟ್ಟಿಯನ್ನು ಒಯ್ಯುವ ಇನ್ನೊಂದು ಮನೆಯನ್ನು ತಾವೇ ಹುಡುಕಲಿ. ಬುಟ್ಟಿ ರದ್ದಾಗಬಾರದು, ಕೈ ಬದಲಾಗಬೇಕು.

ತಂಪುನೆರಳು:

ಇನ್ನೊಂದು ಸಣ್ಣದು. ಟೊಮೆಟೊ ಉಕ್ಕುವ ವಾರ 40 ಮನೆಗಳೂ ಸಾಲವು. ಒಂದು ಕ್ಯಾಂಟೀನ್ ಅಥವಾ ಹಾಸ್ಟೆಲ್ ಅಡುಗೆಮನೆ ಜೊತೆ ಮೊದಲೇ ಮಾತಾಡಿಟ್ಟುಕೊಳ್ಳಿ. ಸೊಟ್ಟಗಿನ, ಬಿರುಕು ಬಿಟ್ಟ, ತೀರಾ ಹಣ್ಣಾದ 30–40 ಕೆ.ಜಿ. ಕಡಿಮೆ ದರಕ್ಕೆ ಅಂದೇ ಅಡುಗೆಗೆ ಹೋಗುತ್ತೆ. ಕೊಳೆತದ್ದನ್ನಲ್ಲ, ಮತ್ತೆ.

ಮತ್ತೆ ಪ್ರತಿ ಬುಟ್ಟಿಗೆ ಒಂದು ಚೀಟಿ: ಯಾವುದನ್ನ ಮೊದಲು ಮುಗಿಸಬೇಕು ಅನ್ನೋ ಸಾಲು. ಸೊಪ್ಪು ಮೊದಲೆರಡು ದಿನ, ಸೌತೆ ಬೀನ್ಸ್ ನಾಲ್ಕು ದಿನದೊಳಗೆ, ಟೊಮೆಟೊ ಹಣ್ಣಾದ ಹಾಗೆ, ಕ್ಯಾರೆಟ್ ಕೋಸು ಎರಡು ವಾರ ಕಾಯುತ್ತವೆ. ಜನಕ್ಕೆ ಪರಿಚಯ ಇಲ್ಲದ ತರಕಾರಿ ಇದ್ದರೆ ಸಿಪ್ಪೆ ತೆಗೀಬೇಕಾ, ಬೀಜ ತೆಗೀಬೇಕಾ, ಎಷ್ಟು ನಿಮಿಷ ಬೇಯಿಸಬೇಕು ಅಂತ ಎರಡು ಸಾಲು ಸಾಕು. ಪ್ರಿಂಟ್ ಬೇಡ, ಗುಂಪಿನ ಮೆಸೇಜ್ ಆಗಿ ಶುಕ್ರವಾರ ರಾತ್ರಿಯೇ ಕಳಿಸಿ, ಬುಟ್ಟಿ ಬರೋ ಮೊದಲೇ ಅಡುಗೆ ಏನು ಅಂತ ಗೊತ್ತಿರಲಿ.

ಖಾಲಿಬುಟ್ಟಿ:

ಬಿತ್ತನೆಯ ಪಟ್ಟಿ ಮೊದಲು, ಆಮೇಲೆ 8 ವಾರಕ್ಕೆ ಗಟ್ಟಿ ದರ, ಅರ್ಧ ಮುಂಗಡ, ಬುಟ್ಟಿ 3+1. ಈ ಭಾನುವಾರ ಮೂವರು ಬೆಳೆಗಾರರ ಜೊತೆ ಕೂರುವುದಿದೆ, 75 ಚದರ ಮೀಟರ್ ಲೆಕ್ಕ ಅವರ ಮುಂದಿಡುತ್ತೇನೆ. ಅವರು ತಿದ್ದಿದ್ದನ್ನು ಇಲ್ಲೇ ಹಾಕುತ್ತೇನೆ.